ಕಾಫಿ ತೊಳೆದ ನೀರೂ ಆಂಟಿಯ ಎಮ್ಮೆಯೂ

ಬಸ್ಸಿನಲ್ಲಿ ಪಕ್ಕ ಕೂತವರು "ನೀವೇನು ಕೆಲಸ ಮಾಡೋದು?" ಅಂತ ಕೇಳಿದರೆ ನಾನು ನಿಜ ಹೇಳಿಬಿಡ್ತೀನಿ. "ಕಾಫಿ ಹಣ್ಣು ತೊಳೆದ ಗಬ್ಬುನೀರಿಂದ ಗ್ಯಾಸ್ ಮಾಡ್ತೀನಿ." ಅಷ್ಟು ಸಾಕು, ಸಿದ್ದಾಪುರದಿಂದ ವಿರಾಜಪೇಟೆ ತನಕ ಎರಡು ಸೀಟೂ ನನ್ನದೇ. ಪರಿಸರ ಜೈವಿಕ ತಂತ್ರಜ್ಞಾನ, ಜೈವಿಕ ಇಂಧನ ಅಂತೆಲ್ಲ ನಮ್ಮ ಕೆಲಸಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಬೇರೆ ವಿಜ್ಞಾನಿಗಳು ಪ್ರಯೋಗ ಮಾಡಿದರೆ ಫಲಿತಾಂಶ ಬರುತ್ತೆ. ನಾನು ಮಾಡಿದರೆ ಊರವರು ನಗೋದಕ್ಕೆ ಒಂದು ಕತೆ ಬರುತ್ತೆ, ಫಲಿತಾಂಶ ಆಮೇಲೆ ನಿಧಾನಕ್ಕೆ ಬರುತ್ತೆ.

ವಿಷಯ ಬಹಳ ಸುಲಭ. ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೀತಾರೆ. ಆ ಲೋಳೆನೀರು ತೋಡಿಗೆ, ಹಳ್ಳಕ್ಕೆ ಹೋದರೆ ಮೀನು ಸಾಯುತ್ತೆ, ಊರೆಲ್ಲ ನಾರುತ್ತೆ. ಅದನ್ನೇ ಗಾಳಿಯಾಡದ ಟ್ಯಾಂಕಿನಲ್ಲಿ ಹಿಡಿದಿಟ್ಟರೆ ಬ್ಯಾಕ್ಟೀರಿಯಾಗಳು ತಿಂದು ಗ್ಯಾಸ್ ಬಿಡುತ್ತವೆ, ಆ ಗ್ಯಾಸಿನಲ್ಲಿ ಒಲೆ ಉರಿಸಬಹುದು. ನಮ್ಮ ಸಂಸ್ಥೆ ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಇದನ್ನು ಮಾಡಿ ತೋರಿಸು ಅಂತ ನನಗೆ ಒಂದೇ ಒಂದು ಟ್ಯಾಂಕ್ ಕೊಟ್ಟಿತು. ಕೊಡುವಾಗಲೇ ನಮ್ಮ ನಿರ್ದೇಶಕರು ಹೇಳಿದ್ದರು, "ನೋಡಮ್ಮ, ಸೀಸನ್ ಮುಗಿಯೋ ಹೊತ್ತಿಗೆ ಕಮಿಟಿ ಬರುತ್ತೆ. ಒಲೆ ಹತ್ತಿದ್ರೆ ಯೋಜನೆ ಮುಂದುವರಿಯುತ್ತೆ. ಹತ್ತದಿದ್ರೆ ಟ್ಯಾಂಕ್ ಗುಜರಿಗೆ, ನೀನು ಬೆಂಗಳೂರಿನ ಫೈಲ್ ಸೆಕ್ಷನ್ನಿಗೆ."

ನನಗೆ ಫೈಲು ಅಂದರೆ ಮೈ ಉರಿಯುತ್ತೆ. ಬ್ಯಾಕ್ಟೀರಿಯಾ ಆದರೂ ತಿಂದಿದ್ದಕ್ಕೆ ಏನಾದರೂ ವಾಪಸ್ ಕೊಡುತ್ತೆ. ಹಾಗಾಗಿ ಆ ವರ್ಷವೆಲ್ಲ ನನ್ನ ಜೀವ ಒಂದು ಒಲೆಯ ಮೇಲೆ ಕೂತಿತ್ತು.

ಗೌರಿಯ ಕಾಣಿಕೆ

ಟ್ಯಾಂಕ್ ಶುರು ಮಾಡೋದಕ್ಕೆ ಹೆಪ್ಪು ಬೇಕು. ಹಾಲಿಗೆ ಮೊಸರಿನ ಹಾಗೆ, ನಮ್ಮ ಟ್ಯಾಂಕಿಗೆ ಸಗಣಿ. ಆಫೀಸಿನ ಜೀಪು ಹತ್ತಿ ನೇರ ಶಿರಂಗಾಲಕ್ಕೆ, ನಮ್ಮ ಅವ್ವನ ಮನೆಗೆ ಹೋದೆ. ನಮ್ಮ ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಅಲ್ಲಿ ಹೊಲ ಮಾಡಿಕೊಂಡವರು ನಾವು. ಅವ್ವನಿಗೆ ಮಗಳು ಸರ್ಕಾರಿ ಜೀಪಿನಲ್ಲಿ ಬಂದಿದ್ದು ನೋಡಿ ಬಹಳ ಖುಷಿಯಾಯಿತು. ಜೀಪಿನ ಹಿಂದುಗಡೆಯಿಂದ ಬಕೆಟ್‌ಗಳು ಇಳಿಯುವವರೆಗೆ ಮಾತ್ರ.

"ಏನವ್ವಾ ಇದು, ಇಷ್ಟೊಂದು ಬಕೆಟ್ಟು?"

"ಸಗಣಿ ಬೇಕಿತ್ತವ್ವ. ಪ್ರಯೋಗಕ್ಕೆ."

ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ಸೀರೆ ಎತ್ತಿ ಕಟ್ಟಿ ಕೊಟ್ಟಿಗೆಗೆ ನುಗ್ಗಿದೆ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಏನಕ್ಕಾ, ಮಗಳು ಡಾಕ್ಟರೇಟ್ ಮಾಡವ್ಳೆ ಅಂತಿದ್ದೆ, ಕೊಟ್ಟಿಗೇಲಿ ಏನ್ ಮಾಡ್ತಾವ್ಳೆ?" ಅಂದಳು. "ಪ್ರಾಕ್ಟಿಕಲ್ಲು," ಅಂತ ಅವ್ವ ಮುಖ ತಿರುಗಿಸಿದಳು.

ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು, "ಅತ್ಲಾಗಿನ ಸೀಮೆಹಸುದು ತಗೋಬ್ಯಾಡ, ಅದ್ರಲ್ಲಿ ಸಾರ ಇಲ್ಲ. ನಮ್ ಗೌರೀದು ತಗೋ," ಅಂತ ಬಕೆಟ್ ತುಂಬಿಸಿಕೊಟ್ಟಳು. ಜೀಪು ಹೊರಡುವಾಗ ಕಣ್ಣಿನಲ್ಲಿ ನೀರು. "ಬೇಜಾರು ಮಾಡ್ಕೋಬೇಡವ್ವ, ಇದು ದೊಡ್ಡ ವಿಜ್ಞಾನ," ಅಂದೆ.

"ಬೇಜಾರಲ್ಲ ಕಣವ್ವಾ," ಅಂದಳು. "ನನ್ ಮಗಳು ಸಗಣಿ ಬಾಚಬಾರದು ಅಂತ ಹೊಟ್ಟೆಬಟ್ಟೆ ಕಟ್ಟಿ ಓದಿಸ್ದೆ. ಇಪ್ಪತ್ತು ವರ್ಷ ಓದಿ ಓದಿ, ಸುತ್ತಿ ಬಳಸಿ ಮತ್ತೆ ನಮ್ ಕೊಟ್ಟಿಗೆಗೇ ಬಂದ್ಯಲ್ಲೇ!"

ಎಮ್ಮೆ ಬಂದ ದಿನ

ಎಸ್ಟೇಟಿನ ಯಜಮಾನರು ಯಾರಿಗೂ ಇಲ್ಲ ಅನ್ನಲು ಬಾರದ ಮನುಷ್ಯ. ಜಾಗ ಕೇಳಿದೆ, ಕೊಟ್ಟರು. ಮನೆಯಲ್ಲಿ ಒಂದು ಮಾತು ಕೇಳಿದ್ದೀರಾ ಅಂತ ನಾನು ವಿಚಾರಿಸಬೇಕಿತ್ತು. ಟ್ಯಾಂಕಿನ ಜೊತೆ ಗ್ಯಾಸ್ ತುಂಬಿಕೊಳ್ಳೋದಕ್ಕೆ ಕೋಣೆಯಷ್ಟು ದೊಡ್ಡ ಕಪ್ಪು ರಬ್ಬರ್ ಚೀಲ ಬಂತು. ಅದನ್ನು ಅಡುಗೆಮನೆಯ ಹಿಂದಿನ ಅಂಗಳದಲ್ಲಿ ಹಾಸುತ್ತಿದ್ದಾಗ ಯಜಮಾನರ ಹೆಂಡತಿ ಹೊರಗೆ ಬಂದರು. ನಾವೆಲ್ಲ ಅವರನ್ನು ಆಂಟಿ ಅಂತೀವಿ. ಯಜಮಾನರೂ ಒಂದೊಂದು ಸಲ ಹೆದರಿಕೆಯಲ್ಲಿ ಹಾಗೇ ಅಂದುಬಿಡ್ತಾರೆ.

"ಇದೆಂತ ಮಾರಾಯ್ತಿ, ಎಮ್ಮೆ ಸತ್ತು ಮಲಗಿದ ಹಾಗೆ?"

ನಾನು ಸಂಭ್ರಮದಿಂದ ಎಲ್ಲ ವಿವರಿಸಿದೆ. ಲೋಳೆನೀರು, ಬ್ಯಾಕ್ಟೀರಿಯಾ, ಗೌರಿ, ಎಲ್ಲ. ಅಂಗಳದ ಶೆಡ್ಡಿಗೆ ಪೈಪ್ ಎಳೆದು ಅಲ್ಲೊಂದು ಒಲೆ ಇಡ್ತೀವಿ, ನೀವು ಅದರಲ್ಲೇ ಅಡುಗೆ ಮಾಡಬಹುದು ಅಂದೆ. ಆಂಟಿ ಆಗಷ್ಟೇ ಸೌದೆ ಒಲೆ ಕಿತ್ತು ಹಾಕಿಸಿ, ಅಡುಗೆಮನೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದರು.

"ಆ ಗಬ್ಬುನೀರಿನ ಬೆಂಕಿಯಲ್ಲಿ ನನ್ನ ಅಡುಗೆಯಾ? ಬೇಕಾದ್ರೆ ನಾನು ಸತ್ತ ಮೇಲೆ ಅದರಲ್ಲೇ ಸುಡು. ಬದುಕಿರುವಾಗ ಒಂದು ಲೋಟ ನೀರೂ ಕಾಯಿಸುವುದಿಲ್ಲ. ಕಮಿಟಿ ಬಂದು ಹೋದ ಮಾರನೇ ದಿನ ಈ ಎಮ್ಮೆ ಇಲ್ಲಿಂದ ಎದ್ದು ಹೋಗಬೇಕು."

ಯಜಮಾನರ ಕಡೆ ನೋಡಿದೆ. ಅವರು ಆಕಾಶದಲ್ಲಿ ಮೋಡ ಹುಡುಕುತ್ತಿದ್ದರು.

ಮಾಕುಟ್ಟದ ಗೇಟು

ಗೌರಿಯ ಸಗಣಿ ಹಾಕಿ ಕಾದೆವು. ಚೀಲದ ಎಮ್ಮೆ ಏಳಲಿಲ್ಲ. ಕಾಫಿ ನೀರು ಹುಳಿ, ಬ್ಯಾಕ್ಟೀರಿಯಾಗಳಿಗೆ ಅದರ ಅಭ್ಯಾಸ ಇಲ್ಲ. ಆಗಲೇ ಅಭ್ಯಾಸ ಆಗಿರೋ ಕೆಸರನ್ನು ತಂದು ಜೊತೆಗೆ ಸೇರಿಸಬೇಕಿತ್ತು. ಅದು ಸಿಕ್ಕಿದ್ದು ಗಡಿಯಾಚೆ ಕೇರಳದ ಇಂಥದ್ದೇ ಒಂದು ಟ್ಯಾಂಕಿನಲ್ಲಿ. ಎಸ್ಟೇಟಿನ ರೈಟರ್, ಅಂದರೆ ಹಾಜರಿ ಬರೆದು ಕೆಲಸ ನೋಡಿಕೊಳ್ಳೋರು, ಮೂಲ ಆ ಕಡೆಯವರೇ. "ನಾನು ಬರ್ತೇನೆ ಮೇಡಂ, ಒರು ಪ್ರಾಬ್ಲಮೂ ಇಲ್ಲ," ಅಂತ ಜೊತೆಗೆ ಹೊರಟರು. ಈ ಮನುಷ್ಯ "ಒರು ಪ್ರಾಬ್ಲಮೂ ಇಲ್ಲ" ಅಂದಾಗೆಲ್ಲ ನನಗೆ ಚಳಿಜ್ವರ ಬರುತ್ತೆ. ಅವರು ಹಾಗೆ ಅಂದಮೇಲೆ ಪ್ರಾಬ್ಲಂ ಬರದೇ ಇದ್ದ ದಿನವೇ ಇಲ್ಲ.

ಕ್ಯಾನುಗಳಿಗೆ ಕೆಸರು ತುಂಬಿಸಿಕೊಂಡು ವಾಪಸ್ ಬಂದೆವು. ಬ್ಯಾಕ್ಟೀರಿಯಾಗಳು ದಾರಿಯಲ್ಲೂ ಕೆಲಸ ಮಾಡ್ತಾನೇ ಇರುತ್ತವೆ, ಅವಕ್ಕೆ ರಜೆ ಗಿಜೆ ಇಲ್ಲ. ಗಡಿ ದಾಟಿ ಮಾಕುಟ್ಟದ ಚೆಕ್‌ಪೋಸ್ಟ್ ಗೇಟಿಗೆ ಬರೋ ಹೊತ್ತಿಗೆ ಕ್ಯಾನುಗಳು ಗ್ಯಾಸ್ ತುಂಬಿ ಗುಂಡಗಾಗಿದ್ದವು. ಖಾಕಿ ತೊಟ್ಟ ಒಬ್ಬರು ಬಂದು, "ಏನಿದು ಕ್ಯಾನಲ್ಲಿ? ಶರಾಬಾ?" ಅಂದರು. ನಾನು ಆಫೀಸಿನ ಪತ್ರ ಕೊಟ್ಟೆ. ಅದರಲ್ಲಿ "ಜೀವಂತ ಸೂಕ್ಷ್ಮಜೀವಿಗಳ ಸಾಗಣೆ" ಅಂತ ಬರೆದಿತ್ತು.

"ಜೀವಂತನಾ? ಕಾಡಿಂದ ಹಿಡ್ಕೊಂಡ್ ಬಂದ್ರಾ?"

"ಇಲ್ಲ ಸಾರ್, ಸಾಕಿದ್ದು."

"ಎಷ್ಟಿವೆ?"

"ಎಣಿಸೋಕಾಗಲ್ಲ ಸಾರ್."

ಅವರ ಅನುಮಾನ ಗಟ್ಟಿಯಾಯಿತು. "ಮುಚ್ಚಳ ತೆಗೀರಿ."

"ಬೇಡ ಸಾರ್, ಒಳಗೆ ಒತ್ತಡ ಇದೆ."

"ನನ್ನ ಮೇಲೆ ಇಲ್ವಾ ಒತ್ತಡ? ತೆಗೀರಿ ಅಂದೆ."

"ಒರು ಪ್ರಾಬ್ಲಮೂ ಇಲ್ಲ ಸಾರ್," ಅಂತ ರೈಟರ್ ಮುಚ್ಚಳ ತಿರುಗಿಸಿದರು. ನಾನು ಜೀಪಿನ ಹಿಂದೆ ಬಗ್ಗಿದೆ. ಡಬ್ ಅಂತ ಒಂದು ಸದ್ದಾಯಿತು, ಅಷ್ಟೇ. ತಲೆ ಎತ್ತಿದಾಗ ಖಾಕಿ ಬಣ್ಣ ಯಾವುದು, ಕೆಸರು ಯಾವುದು ಅಂತ ಗುರುತು ಸಿಗುತ್ತಿರಲಿಲ್ಲ. ಹಿಂದೆ ಸಾಲಾಗಿ ನಿಂತಿದ್ದ ಮೀನಿನ ಲಾರಿಯವರು ಮೂಗು ಮುಚ್ಚಿಕೊಂಡು ಕಿಟಕಿ ಏರಿಸಿದರು. ಮೀನಿನ ಲಾರಿಯವರು!

ಖಾಕಿಯವರು ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡು, ಗೇಟು ಎತ್ತಲು ಕೈ ಮಾಡಿ, "ಮೇಡಂ, ಮುಂದಿನ ಸಲ ನಿಲ್ಲಿಸ್ಬೇಡಿ, ಹಾಗೇ ಹೋಗ್ಬಿಡಿ," ಅಂದರು. "ನೀವು ಬರ್ತಿರೋದು ಕೆಳಗಿನ ತಿರುವಲ್ಲೇ ನಮಗೆ ಗೊತ್ತಾಗುತ್ತೆ."

ಸಂಬಂಧಪಟ್ಟವರಿಂದ ವಿವರಣೆ

ಹೊಸ ಕೆಸರು ಬಿದ್ದ ಮೇಲೆ ಎಮ್ಮೆ ಮೆಲ್ಲಗೆ ಉಬ್ಬತೊಡಗಿತು. ಹಣ್ಣು ಕೀಳೋ ಪಿಕಿಂಗ್ ಜೋರಾಗಿ ಲೋಳೆನೀರು ಧಾರಾಳವಾಗಿ ಬರುತ್ತಿತ್ತು. ಸಿಪ್ಪೆ ಮತ್ತು ನೀರು ಹುಳಿಯಲು ಬಿಟ್ಟ ಗುಂಡಿಯಿಂದ ಸಿಹಿಸಿಹಿ ಹೆಂಡದಂಥ ವಾಸನೆ. ಅದು ನನಗೆ ವಿಜ್ಞಾನದ ವಾಸನೆ. ಇನ್ನೊಬ್ಬರಿಗೆ ಅದು ಬೇರೇನೋ ಅನ್ನಿಸಿತು.

ಒಂದು ಬೆಳಿಗ್ಗೆ ರೈಟರ್ ಫೋನ್ ಮಾಡಿದರು. "ಮೇಡಂ, ಗುಂಡಿ ಹತ್ರ ಆನೆ. ಒರು ಪ್ರಾಬ್ಲಮೂ ಇಲ್ಲ, ಕುಡೀತಾ ಇದೆ ಅಷ್ಟೆ."

ಹೋಗಿ ನೋಡಿದರೆ ಒಂಟಿ ಸಲಗ. ಸೊಂಡಿಲು ಗುಂಡಿಯೊಳಗೆ. ಒಂದು ಸಲ ಹೀರುತ್ತೆ, ಕಣ್ಣು ಮುಚ್ಚುತ್ತೆ, ಕಿವಿ ಆಡಿಸುತ್ತೆ, ಮತ್ತೆ ಹೀರುತ್ತೆ. ಕುಡಿದು ಮುಗಿದ ಮೇಲೆ ಸಿಲ್ವರ್ ಮರಕ್ಕೆ ಒರಗಿ ನಿಂತೇ ತೂಕಡಿಸಿತು. ಆನೆ ಓಡಿಸೋ ಅರಣ್ಯ ಇಲಾಖೆಯ ಆರ್.ಆರ್.ಟಿ.ಯವರು ಬಂದು ಪಟಾಕಿ ಹೊಡೆದರೆ ಒಂದು ಕಣ್ಣು ತೆರೆದು, 'ಯಾರಪ್ಪಾ ಅದು' ಅನ್ನೋ ಹಾಗೆ ನೋಡಿ ಮತ್ತೆ ಮುಚ್ಚಿತು. ಆ ದಿನ ಇಡೀ ಎಸ್ಟೇಟಿನಲ್ಲಿ ಕೆಲಸದವರೊಬ್ಬರೂ ತಮ್ಮ ಲೈನ್ ಮನೆಯಿಂದ ಹೊರಬರಲಿಲ್ಲ, ಸಿಪ್ಪೆ ಬಿಡಿಸೋ ಪಲ್ಪರ್ ತಿರುಗಲಿಲ್ಲ. ನನಗೆ ಕಮಿಟಿಯದೇ ಚಿಂತೆ. ಈ ಪ್ರಾಣಿ ರುಚಿ ಕಂಡು ದಿನಾ ಬಂದರೆ ನನ್ನ ಎಮ್ಮೆಗೇನು ಹಾಕಲಿ?

ನಿಯಮದ ಪ್ರಕಾರ ಕೆಲಸ ನಿಂತರೆ ಬೆಂಗಳೂರಿಗೆ ತಿಳಿಸಬೇಕು. "ಪ್ರಯೋಗ ಸ್ಥಗಿತ. ಕಾರಣ: ಕಚ್ಚಾವಸ್ತುವನ್ನು ಆನೆ ಸೇವಿಸಿದೆ," ಅಂತ ಮೇಲ್ ಕಳಿಸಿದೆ. ಅಲ್ಲಿ ಯಾರೂ ಪೂರ್ತಿ ಓದೋದಿಲ್ಲ ಅನ್ನೋದು ಉತ್ತರ ಬಂದಾಗ ಗೊತ್ತಾಯಿತು. "ಅನುಮತಿಯಿಲ್ಲದೆ ಸಾಮಗ್ರಿ ಬಳಸಿರುವ ಬಗ್ಗೆ ಸಂಬಂಧಪಟ್ಟವರಿಂದ ಲಿಖಿತ ವಿವರಣೆ ಪಡೆದು ಕೂಡಲೇ ಕಳುಹಿಸತಕ್ಕದ್ದು."

ಓದಿ ಹೇಳಿದೆ. ರೈಟರ್ ಮರದ ಕಡೆ ನೋಡಿದರು. "ಆ ಸಾರ್‌ಗೆ ಬರಲಿಕ್ಕೆ ಹೇಳಿ ಮೇಡಂ," ಅಂದರು. "ಸಂಬಂಧಪಟ್ಟವರು ಇಲ್ಲೇ ನಿಂತಿದ್ದಾರೆ. ಪೆನ್ನು ಬೇಕಾದ್ರೆ ನಾನು ಕೊಡ್ತೇನೆ."

ನನಗೆ ಬಂದ ಬಹುಮಾನ

ಕೊಡಗಿನಲ್ಲಿ ವೈನ್ ಮಾಡದ ಮನೆ ಹುಡುಕೋದು ಕಷ್ಟ. ನೆಲ್ಲಿಕಾಯಿ, ವೀಳ್ಯದೆಲೆ, ಶುಂಠಿ, ಕೈಗೆ ಸಿಕ್ಕಿದ್ದೆಲ್ಲ ಭರಣಿಗೆ ಹೋಗುತ್ತೆ. ನಮ್ಮ ಆಂಟಿಯ ನೆಲ್ಲಿಕಾಯಿ ವೈನು ಊರಿಗೇ ಹೆಸರುವಾಸಿ. ಪೇಟೆಯಲ್ಲಿ ನಡೆಯೋ ವೈನ್ ಸ್ಪರ್ಧೆಯಲ್ಲಿ ಪ್ರತಿವರ್ಷ ಮೊದಲ ಬಹುಮಾನ ಅವರಿಗೇ.

ಗ್ಯಾಸಿನ ಜೊತೆಗೆ ನಾನು ಕಾಫಿ ಸಿಪ್ಪೆಯ ರಸದಿಂದ ಇಂಧನದ ಆಲ್ಕೋಹಾಲ್ ಬರುತ್ತಾ ಅಂತಲೂ ನೋಡುತ್ತಿದ್ದೆ. ಅದಕ್ಕೆ ಬೆಚ್ಚಗಿನ ಕತ್ತಲೆ ಜಾಗ ಬೇಕು. ಯಜಮಾನರನ್ನು ಕೇಳಿದೆ. ಅವರು ಇಲ್ಲ ಅನ್ನಲಿಲ್ಲ, ಆಂಟಿಯ ಉಗ್ರಾಣ ತೋರಿಸಿದರು. ನನ್ನ ಭರಣಿ ಅವರ ಭರಣಿಯ ಪಕ್ಕ ಕೂತಿತು. ಅದರ ಮೇಲೆ ಚೀಟಿ ಅಂಟಿಸಿದ್ದೆ. ಆಂಟಿ ಉಗ್ರಾಣ ಒರೆಸುವಾಗ, ಭರಣಿಗೆ ಏನೋ ಕಾಗದ ಅಂಟಿಕೊಂಡಿದೆ ಅಂತ ಚೆನ್ನಾಗಿ ತಿಕ್ಕಿ ತೊಳೆದಿಟ್ಟರು. ಎಷ್ಟಾದರೂ ಅಚ್ಚುಕಟ್ಟಿನ ಮನುಷ್ಯೆ.

ಮುಂದಿನ ವಾರ ನಾನು ಒಂದು ಭರಣಿಯಿಂದ ಬಾಟಲಿ ತುಂಬಿಸಿಕೊಂಡು ಲ್ಯಾಬಿಗೆ ಹೋದೆ. ಆಂಟಿ ಇನ್ನೊಂದರಿಂದ ತುಂಬಿಸಿಕೊಂಡು ಸ್ಪರ್ಧೆಗೆ ಹೋದರು.

ಲ್ಯಾಬಿನ ಯಂತ್ರ ಕೊಟ್ಟ ಅಂಕಿ ನೋಡಿ ನಾನು ಎದ್ದು ಕುಣಿದೆ. ಕಾಫಿ ಸಿಪ್ಪೆಯಿಂದ ಇಷ್ಟು ಆಲ್ಕೋಹಾಲಾ! ನಿರ್ದೇಶಕರಿಗೆ ಫೋನ್ ಮಾಡಿದೆ, ಅವರು ಕಮಿಟಿಯ ಅಧ್ಯಕ್ಷರಿಗೆ ಫೋನ್ ಮಾಡಿದರು, ಎಲ್ಲರೂ ಎಲ್ಲರಿಗೂ ಅಭಿನಂದನೆ ಹೇಳಿದರು. ಆಮೇಲೆ ಬಾಟಲಿ ತೊಳೆಯಲು ಹೋದಾಗ ತಳದಲ್ಲಿ ಒಂದು ನೆಲ್ಲಿಕಾಯಿ ಬೀಜ ಸಿಕ್ಕಿತು. ಎಲ್ಲರಿಗೂ ಫೋನ್ ಮಾಡಿ ಅಭಿನಂದನೆ ವಾಪಸ್ ತೆಗೆದುಕೊಳ್ಳೋ ಹೊತ್ತಿಗೆ ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಅತ್ತ ಸ್ಪರ್ಧೆಯಲ್ಲಿ ತೀರ್ಪುಗಾರರು ಆಂಟಿಯ ಲೋಟ ಬಾಯಿಗಿಟ್ಟು ಗೋಡೆ ಹಿಡಿದುಕೊಂಡರಂತೆ. "ಬಹಳ... ಬೇರೆ ಥರ ಇದೆ," ಅಂದರಂತೆ. ಆಂಟಿಯ ಹಳೆಯ ಹೆಸರಿಗೆ ಮರ್ಯಾದೆ ಕೊಟ್ಟು ಸಮಾಧಾನಕರ ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

ಆಂಟಿ ಅಂಗಳಕ್ಕೆ ಬಂದವರೇ, "ನಿನ್ನ ಚರಂಡಿ ನೀರು ನನ್ನ ಮಾನ ತೆಗೆಯಿತು," ಅಂದರು. ಆ ದಿನದಿಂದ ನನ್ನ ಜೊತೆ ಮಾತು ಬಂದ್. ಏನಾದರೂ ಹೇಳಬೇಕಿದ್ದರೆ ಎಮ್ಮೆಗೆ ಹೇಳುತ್ತಿದ್ದರು: "ಇನ್ನು ಸ್ವಲ್ಪ ದಿನ ಇರು, ಕಮಿಟಿ ಬಂದು ಹೋಗಲಿ, ನಿನಗೆ ಗತಿ ಕಾಣಿಸ್ತೇನೆ."

ನನ್ನ ಸಂಶೋಧನೆಗೆ ಇವತ್ತಿನವರೆಗೆ ಸಿಕ್ಕಿರೋ ಏಕೈಕ ಬಹುಮಾನ ಆ ಸ್ಟೀಲ್ ಡಬ್ಬಿ. ಅದರಲ್ಲಿ ಆಂಟಿ ಸಾಸಿವೆ ಹಾಕಿಟ್ಟಿದ್ದಾರೆ.

ಕಮಿಟಿ

ಕಮಿಟಿ ಬರುವ ಹಿಂದಿನ ಸಂಜೆ ಎಮ್ಮೆ ಬಿಗಿಯಾಗಿ ಉಬ್ಬಿ ನಿಂತಿತ್ತು. ಶೆಡ್ಡಿನ ಒಲೆ ಹಚ್ಚಿ ನೋಡಿದೆ, ಚೆಂದದ ನೀಲಿ ಬೆಂಕಿ. ಎಮ್ಮೆಯ ಬೆನ್ನು ತಟ್ಟಿ, "ನಾಳೆ ಒಂದು ದಿನ ಮಾನ ಕಾಪಾಡು ತಾಯಿ," ಅಂತ ಹೇಳಿ ಬಂದೆ.

ಬೆಳಿಗ್ಗೆ ಮಡಿಕೇರಿಗೆ ಹೋಗಿ ಕಮಿಟಿಯವರನ್ನು ಕರೆದುಕೊಂಡು ಎಸ್ಟೇಟಿಗೆ ಬರುವಾಗ ಮಧ್ಯಾಹ್ನ. ಅಧ್ಯಕ್ಷರು ವಿಜ್ಞಾನಿಯಲ್ಲ, ಆಡಳಿತದವರು. ಜೀಪಿನಿಂದ ಇಳಿದವರೇ ಲೋಳೆನೀರಿನ ಗುಂಡಿಯ ಹತ್ತಿರ ಹೋಗಿ ಮೂಗಿಗೆ ಕರ್ಚೀಫ್ ಹಿಡಿದರು.

"ಏನಮ್ಮಾ, ಇದರಿಂದ ಬರೋ ಗ್ಯಾಸಲ್ಲಿ ಅಡುಗೆ ಮಾಡೋದಾ?"

"ಹೌದು ಸಾರ್. ಉರಿಯುವಾಗ ಸ್ವಲ್ಪವೂ ವಾಸನೆ ಇರಲ್ಲ."

"ಅದೆಲ್ಲ ಪುಸ್ತಕದಲ್ಲಿ ಸರಿ. ಜನ ಒಪ್ಪಬೇಕಲ್ಲ! ಇದರಲ್ಲಿ ಬೇಯಿಸಿದ್ದನ್ನ ಯಾರಮ್ಮಾ ತಿಂತಾರೆ? ನಾನಂತೂ ಒಂದು ತುತ್ತು ಮುಟ್ಟಲ್ಲ."

ಒಲೆ ಹಚ್ಚಿ ತೋರಿಸಿದರೆ ಸರಿಹೋಗುತ್ತೆ ಅಂತ, "ಬನ್ನಿ ಸಾರ್, ಮೊದಲು ಒಲೆ ನೋಡಿ," ಅಂದೆ. ಅಷ್ಟರಲ್ಲಿ ಜಗಲಿಯಿಂದ ಆಂಟಿಯ ಸ್ವರ. "ಎಂತ ನೋಡೋದು, ಊಟದ ಹೊತ್ತಲ್ಲಿ? ಈ ಮನೆ ಮೆಟ್ಟಿಲು ಹತ್ತಿದವರು ಉಣ್ಣದೆ ಹೋದದ್ದಿಲ್ಲ. ಮೊದಲು ಊಟ, ಆಮೇಲೆ ಎಮ್ಮೆ." ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಅತಿಥಿಗಳ ವಿಷಯದಲ್ಲಿ ಆಂಟಿ ಆಂಟಿಯೇ.

ಅಕ್ಕಿತರಿಯ ಉಂಡೆ ಕಡಂಬಿಟ್ಟು, ಹಂದಿಮಾಂಸದ ಪಂದಿಕರಿ, ಅದು ತಿನ್ನದವರಿಗೆ ಬಿದಿರಿನ ಕಳಲೆ ಪಲ್ಯ, ಕೊನೆಗೆ ಪಾಯಸ. ಅಧ್ಯಕ್ಷರು ಮೊದಲು ಬೆಲ್ಟ್ ಸಡಿಲಿಸಿದರು. ಆಮೇಲೆ ಮಾತು ನಿಲ್ಲಿಸಿದರು. ಪಂದಿಕರಿ ಮೂರು ಸಲ ಹಾಕಿಸಿಕೊಂಡರು. "ಏನಮ್ಮಾ ಹದ! ಏನಮ್ಮಾ ಹದ!" ಅಂತ ತಟ್ಟೆಗೇ ಹೇಳುತ್ತಿದ್ದರು.

ಊಟ ಮುಗಿಸಿ ಎಲ್ಲರೂ ಹಿಂದಿನ ಅಂಗಳಕ್ಕೆ ಬಂದೆವು. ನೋಡಿದರೆ ಎಮ್ಮೆ ನೆಲಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಮಲಗಿದೆ. ಓಡಿಹೋಗಿ ಒಲೆಯ ನಾಬ್ ತಿರುಗಿಸಿ ಕಡ್ಡಿ ಗೀರಿದೆ. ಪುಸ್. ಇನ್ನೊಂದು ಕಡ್ಡಿ. ಅದೂ ಪುಸ್. ಬೆಂಕಿಪೊಟ್ಟಣ ಮುಗಿಯುತ್ತಾ ಬಂತು. ಬೆಂಗಳೂರಿನ ಫೈಲುಗಳು ಸಾಲಾಗಿ ಕಣ್ಣ ಮುಂದೆ ಬಂದವು.

"ಗ್ಯಾಸ್ ಎಲ್ಲಮ್ಮಾ?" ಅಂದರು ಅಧ್ಯಕ್ಷರು.

"ನಿನ್ನೆ... ನಿನ್ನೆ ಇತ್ತು ಸಾರ್."

"ನಾವು ನಿನ್ನೆ ನೋಡೋಕೆ ಬಂದಿಲ್ಲವಲ್ಲ."

ಆಗ ರೈಟರ್ ಹಿಂದಿನಿಂದ ಬಂದು ನನ್ನ ಕಿವಿಯ ಹತ್ತಿರ, "ಮೇಡಂ, ಒರು ಪ್ರಾಬ್ಲಂ ಉಂಡು," ಅಂದರು. ಇಷ್ಟು ದಿನದಲ್ಲಿ ಆ ಮನುಷ್ಯ ಪ್ರಾಬ್ಲಂ ಇದೆ ಅಂತ ಒಪ್ಪಿಕೊಂಡಿದ್ದು ಅದೇ ಮೊದಲು. ರೈಟರ್ ಅಡುಗೆಮನೆಯ ಬಾಗಿಲ ಕಡೆ ಕಣ್ಣು ತೋರಿಸಿದರು.

ಬಾಗಿಲಲ್ಲಿ ಆಂಟಿ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡು, "ಅವಳನ್ನ ಎಂತ ಕೇಳ್ತೀರಿ ಸಾರ್?" ಅಂದರು. "ಗ್ಯಾಸ್ ನೀವೇ ಈಗ ತಿಂದು ಮುಗಿಸಿದಿರಲ್ಲ!"

ಅಧ್ಯಕ್ಷರು ಸಡಿಲಿಸಿದ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡರು.

"ಬೆಳಿಗ್ಗೆ ಕರಿ ಅರ್ಧ ಬೆಂದಿತ್ತು, ಸಿಲಿಂಡರ್ ಖಾಲಿಯಾಯಿತು. ಬುಕ್ ಮಾಡಿದ್ರೆ ಇವತ್ತೇ ಬರುತ್ತದಾ? ಸೌದೆ ಒಲೆ ಕಿತ್ತು ಹಾಕಿಯಾಗಿದೆ. ಬಂದವರಿಗೆ ಹಸಿ ಹಂದಿ ಬಡಿಸಲಾ? ರೈಟರನ್ನು ಕರೆದೆ, ಈ ಒಲೆ ಹಚ್ಚಿಸಿದೆ. ಕರಿ ಇದರಲ್ಲೇ. ಕಡಂಬಿಟ್ಟು ಇದರಲ್ಲೇ. ಪಾಯಸ ಇಳಿಸುವಾಗ ಎಮ್ಮೆ ಮಲಗಿತು."

"ಇದರಲ್ಲೇ ಮಾಡಿದ್ದು ಅಂತ ಏನಮ್ಮಾ ಗ್ಯಾರಂಟಿ?" ಅಧ್ಯಕ್ಷರ ಸ್ವರ ಸಣ್ಣಗಾಗಿತ್ತು.

ಆಂಟಿಯನ್ನು ಅಡುಗೆಯ ವಿಷಯದಲ್ಲಿ ಸುಳ್ಳುಗಾತಿ ಅಂದ ಹಾಗಾಯಿತು! ಒಳಗೆ ಹೋದವರೇ ಸಿಲಿಂಡರನ್ನು ಉರುಳಿಸಿಕೊಂಡು ಬಂದು ಅಧ್ಯಕ್ಷರ ಕಾಲ ಹತ್ತಿರ ನಿಲ್ಲಿಸಿ, "ಎತ್ತಿ ನೋಡಿ," ಅಂದರು. ಅಧ್ಯಕ್ಷರು ಎತ್ತಿದರು, ಹಗುರ. ಪಾತ್ರೆಗಳನ್ನು ತಂದು ಒಂದೊಂದಾಗಿ ಬೋರಲು ಹಾಕಿ, "ತಳ ನೋಡಿ, ಚೂರಾದ್ರೂ ಮಸಿ ಉಂಟಾ? ಕರಿಯಲ್ಲಿ ವಾಸನೆ ಇತ್ತಾ? ಇದ್ದಿದ್ರೆ ಮೂರನೇ ಸಲ ಯಾಕೆ ಹಾಕಿಸಿಕೊಂಡಿರಿ?" ಅಂತ ಶುರು ಮಾಡಿದರು. "ಇದರಲ್ಲಿ ಬೇಯಿಸಿದ್ದನ್ನ ಯಾರು ತಿಂತಾರೆ ಅಂತ ಕೇಳಿದಿರಂತೆ. ಈಗ ನೀವೇ ಹೇಳಿ, ಯಾರು ತಿಂದರು?"

ಯಾವ ಎಮ್ಮೆಯನ್ನು ಅಂಗಳದಿಂದ ಓಡಿಸ್ತೀನಿ ಅಂತ ಪಣ ತೊಟ್ಟಿದ್ದರೋ ಅದರ ಪರವಾಗಿ ಆಂಟಿ ಸೆರಗು ಸಿಕ್ಕಿಸಿ ವಾದ ಮಾಡೋದು ನೋಡುತ್ತಾ ನಾನು ಬೆಂಕಿಪೊಟ್ಟಣ ಕೆಳಗಿಟ್ಟೆ. ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ಮಾತಿನ ಬದಲು ದೊಡ್ಡದೊಂದು ತೇಗು ಬಂತು.

ಅವರು ಅಲ್ಲೇ ಕೂತು ವರದಿ ಹೇಳಿ ಬರೆಸಿದರು. "ಒಲೆ ಉರಿಯುವುದನ್ನು ಕಮಿಟಿ ನೋಡಲಿಲ್ಲ. ಜನರ ಒಪ್ಪಿಗೆಯನ್ನು ಖುದ್ದಾಗಿ ಪರೀಕ್ಷಿಸಲಾಯಿತು. ಯೋಜನೆ ಮುಂದುವರಿಯಲಿ. ಮುಂದಿನ ವರ್ಷದ ಪರಿಶೀಲನೆಯನ್ನೂ ಇದೇ ಎಸ್ಟೇಟಿನಲ್ಲಿ, ಮಧ್ಯಾಹ್ನದ ಹೊತ್ತಿಗೇ ಇಡತಕ್ಕದ್ದು."

ಜೀಪು ಗೇಟು ದಾಟಿದ ಮೇಲೆ ನಾನು ಆಂಟಿಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. "ಬಿಡು ಬಿಡು, ಸೀರೆಗೆಲ್ಲ ಲೋಳೆ," ಅಂತ ತಳ್ಳಿದರು. ಆಮೇಲೆ ಎಮ್ಮೆಯ ಕಡೆ ನೋಡಿ, "ನಾಳೆ ಎಷ್ಟು ಹೊತ್ತಿಗೆ ಏಳ್ತದೆ ಇದು? ಬೆಳಿಗ್ಗೆ ಅಕ್ಕಿರೊಟ್ಟಿ ಆಗಬೇಕು," ಅಂದರು.

ಅವ್ವನಿಗೆ ಫೋನ್ ಮಾಡಿದೆ. "ಯೋಜನೆ ಉಳೀತವ್ವಾ! ಅಧ್ಯಕ್ಷರು ಅದೇ ಗ್ಯಾಸಲ್ಲಿ ಬೇಯಿಸಿದ ಊಟ ಮಾಡಿ, ಚೆನ್ನಾಗಿದೆ ಅಂತ ಬರೆದು ಹೋದ್ರು."

"ಎಲ್ಲ ನಮ್ ಗೌರಿ ದಯೆ ಕಣವ್ವಾ," ಅಂತ ಅವ್ವ ಖುಷಿಯಲ್ಲಿ ಮೂಗು ಸೊರ್ ಅನ್ನಿಸಿದಳು. "ಆ ಸಾಹೇಬ್ರಿಗೆ ಹೇಳ್ದಾ, ಇದು ಶುರುವಾಗಿದ್ದು ಗೌರಿ ಸಗಣೀಲಿ ಅಂತ?"

"ಕಾಫಿ ನೀರಿನ ತನಕ ಹೇಳಿದೀನವ್ವಾ," ಅಂದೆ. "ಗೌರಿ ವಿಷಯ ಮುಂದಿನ ವರ್ಷ ಹೇಳ್ತೀನಿ. ಊಟ ಆದ್ಮೇಲೆ."